ಟಂಟಂ ಹತ್ತಿದ ವೇಗೋತ್ಕರ್ಷ

ನಮ್ಮ ಅಕ್ಕನ ಪಕ್ಕದ ಸೀಟಿನಲ್ಲಿ ಒಮ್ಮೆ ಕೂತು ಪ್ರಯಾಣ ಮಾಡಿದವರು ಇನ್ನೊಮ್ಮೆ ಅಲ್ಲಿ ಕೂತದ್ದನ್ನು ನಾನಂತೂ ನೋಡಿಲ್ಲ. ಬಸವಕಲ್ಯಾಣದಿಂದ ಹುಮನಾಬಾದಕ್ಕೆ ಬರುವ ಬಸ್ಸುಗಳಲ್ಲಿ ಹಬ್ಬದ ಹಿಂದಿನ ದಿನ ಕಾಲೂರಲು ಜಾಗವಿರುವುದಿಲ್ಲ. ಅಂಥ ದಿನವೂ ಅಕ್ಕನ ಪಕ್ಕದ ಸೀಟು ಖಾಲಿ ಇರುತ್ತದೆ! ಹೊಸಬರು ಯಾರಾದರೂ ತಮ್ಮ ಅದೃಷ್ಟಕ್ಕೆ ತಾವೇ ಹಿಗ್ಗಿ ಓಡಿಬಂದು ಕೂರುತ್ತಾರೆ. ಬಸ್ಸು ಊರು ದಾಟುವುದರೊಳಗೆ ಎದ್ದು ಹೋಗಿ ಡ್ರೈವರನ ಪಕ್ಕದ ಇಂಜಿನ್ ಮೇಲೆ ಕೂತಿರುತ್ತಾರೆ. ಕೆಳಗಿನಿಂದ ಬಿಸಿ ತಾಗಿದರೂ ಪರವಾಗಿಲ್ಲ, ಪಕ್ಕದಿಂದ ಪ್ರಶ್ನೆ ತಾಗಬಾರದು.

ಯಾವೂರು, ಯಾರ ಪೈಕಿ, ಮಕ್ಕಳೆಷ್ಟು ಎಂದು ಕೇಳಿದ್ದರೆ ಯಾರೂ ಏಳುತ್ತಿರಲಿಲ್ಲ. ನಮ್ಮ ಜನ ಅಂಥ ಪ್ರಶ್ನೆಗಳಿಗೆ ಕಾದು ಕೂತಿರುತ್ತಾರೆ. ಅಕ್ಕ ಬ್ಯಾಗಿನಿಂದ ಒಂದು ಸ್ಟೀಲ್ ಲೋಟ ತೆಗೆಯುತ್ತಾಳೆ. ಅದಕ್ಕೆ ಅಂಚಿನವರೆಗೆ ನೀರು ತುಂಬಿ ಪಕ್ಕದವರ ಕೈಯಲ್ಲಿಡುತ್ತಾಳೆ.

"ಹಿಡೀರಿ. ಕುಡೀಬ್ಯಾಡ್ರಿ. ಈಗ ಬಸ್ ಬಿಡ್ತಾನ. ನೀರು ಯಾ ಕಡೆ ಏರ್ತದ, ಹೇಳ್ರಿ ನೋಡೋಣು."

ಬಸ್ಸು ಬಿಡುತ್ತದೆ. ನೀರು ಹಿಂದಿನ ಅಂಚಿಗೆ ಏರಿ, ಹಿಡಿದವರ ಮಡಿಲಿಗೆ ಇಳಿಯುತ್ತದೆ.

"ನೋಡಿದ್ರಿ? ಬಸ್ಸು ಮುಂದ ಜಿಗೀತು, ನೀರು ಹಿಂದ ಏರ್ತು. ಈಗ ನೋಡ್ರಿ, ಅರವತ್ತರ ಮ್ಯಾಲ ಹೊಂಟದ, ನೀರು ಗಪ್ಪ ಕುಂತದ. ವೇಗಕ್ಕ ನೀರು ಅಂಜಂಗಿಲ್ರಿ. ವೇಗ ಬದಲಾದ್ರ ಅಂಜ್ತದ!"

ಒಮ್ಮೆ ಒಬ್ಬ ಹೆಂಗಸು, ಪಾಪ, ರೇಷ್ಮೆ ಸೀರೆಯುಟ್ಟು ಬಂದು ಕೂತಿದ್ದಳು.

"ಯವ್ವಾ, ಮದವಿಗಿ ಹೊಂಟೀನ್ರಿ, ಸೀರಿ ಪೂರಾ ತೊಯ್ತಲ್ರಿ!"

"ತೊಯ್ದದ್ದು ಒಣಗ್ತದ ತಗೋರಿ. ತಿಳಿದದ್ದು ಹೋಗಂಗಿಲ್ಲ."

ಆ ಹೆಂಗಸು ಮದುವೆಯಲ್ಲಿ ತನ್ನ ಒದ್ದೆ ಸೀರೆಗೆ ಏನು ಕಾರಣ ಹೇಳಿದಳೋ, ಅದನ್ನು ಯಾರು ನಂಬಿದರೋ!

ಈಕೆ ನನ್ನ ಒಡಹುಟ್ಟಿದ ಅಕ್ಕ. ಬಸವಕಲ್ಯಾಣದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ನಿವೃತ್ತಿ ಸರಕಾರದ ಕಾಗದದಲ್ಲಾಯಿತು, ಅಕ್ಕನಲ್ಲಿ ಆಗಲಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲಂತೂ ಕೇಳುವುದೇ ಬೇಡ. ಉಳಿದವರು ಆಧಾರ್ ಕಾರ್ಡ್ ತೋರಿಸಿ ತವರಿಗೋ ದೇವರಿಗೋ ಹೋಗುತ್ತಾರೆ, ಅಕ್ಕ ಆಧಾರ್ ಕಾರ್ಡ್ ತೋರಿಸಿ ವೇಗೋತ್ಕರ್ಷಕ್ಕೆ ಹೋಗುತ್ತಾಳೆ! ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ಹುಮನಾಬಾದಕ್ಕೆ ಬರುವುದು, ಬಸ್ ಸ್ಟ್ಯಾಂಡಿನಲ್ಲಿ ಒಂದು ಚಹಾ ಕುಡಿಯುವುದು, ತಿರುಗಿ ಹೋಗುವುದು. "ಏನು ಕೆಲಸ ಇತ್ತಕ್ಕಾ?" ಎಂದು ಕೇಳಿದರೆ, "ಹೊಸಾ ಡ್ರೈವರ್ ಬಂದಾನಂತ. ಬ್ರೇಕ್ ಹ್ಯಾಂಗ ಹಿಡೀತಾನ ನೋಡಾಕ ಬಂದಿದ್ದೆ" ಎನ್ನುತ್ತಾಳೆ. ಇದಕ್ಕೆ ತಮ್ಮನಾದವನು ಏನು ಹೇಳಬೇಕು, ನೀವೇ ಹೇಳಿ? ಭಾವನನ್ನು ಕೇಳೋಣವೆಂದರೆ ಅವರು ತಮ್ಮ ಕಿರಾಣಿ ಅಂಗಡಿಯಲ್ಲಿ ಕೂತು ಮುಗುಳ್ನಗುತ್ತಾರೆ, ಅಷ್ಟೇ. ಮದುವೆಯಾದ ಹೊಸತರಲ್ಲಿ ಮಾತಾಡುತ್ತಿದ್ದರಂತೆ. ಬರಬರುತ್ತ ವೇಗ ತಗ್ಗಿ ಈಗ ಪೂರ್ತಿ ನಿಂತಿದ್ದಾರೆ.

ವೇಗೋತ್ಕರ್ಷ ಎಂದರೇನು ಎಂಬುದನ್ನು ಓದುಗರಲ್ಲಿ ಕೆಲವರಾದರೂ ಮರೆತಿರಬಹುದು. ಮರೆತವರು ಪುಣ್ಯವಂತರು. ನನಗೂ ಐವತ್ತು ದಾಟುವವರೆಗೆ ಆ ಪುಣ್ಯವಿತ್ತು. ವೇಗ ಎಷ್ಟು ಬೇಗ ಬದಲಾಗುತ್ತದೆ ಎಂಬ ಲೆಕ್ಕಕ್ಕೆ ಆ ಹೆಸರು. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಅದಕ್ಕೆ ಪಿಕಪ್ ಅನ್ನುತ್ತಾರೆ. ಗಾಡಿ ಪಿಕಪ್ ತಗೊಳ್ಳುತ್ತಿಲ್ಲ ಎಂದರೆ ಯಾವ ಮೆಕ್ಯಾನಿಕ್‌ಗೂ ತಿಳಿಯುತ್ತದೆ. "ಇದರ ವೇಗೋತ್ಕರ್ಷ ಕುಂಠಿತವಾಗಿದೆ" ಎಂದು ಹೇಳಿ ನೋಡಿ, ಗಾಡಿಯನ್ನು ಬದಿಗೆ ನಿಲ್ಲಿಸಿ ನಿಮ್ಮನ್ನೇ ಬಿಚ್ಚಲು ಕೂರುತ್ತಾನೆ!

ಅಕ್ಕನ ಇನ್ನೊಂದು ಗುಣವನ್ನು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯಲಿಕ್ಕಿಲ್ಲ. ಎದುರಿಗೆ ತಪ್ಪು ಲೆಕ್ಕ ಬಿದ್ದರೆ ಆಕೆ ಸುಮ್ಮನಿರಲಾರಳು. ಸ್ಥಳ, ಸಮಯ, ಸಂದರ್ಭ ಯಾವುದೂ ಅಡ್ಡ ಬರುವುದಿಲ್ಲ. ಆಕೆಯ ಬೀಳ್ಕೊಡುಗೆಯ ದಿನ ನಾನೂ ಹೋಗಿದ್ದೆ. ಶಾಲು ಹೊದಿಸಿ, ಹಾರ ಹಾಕಿ, ಕುರ್ಚಿಯಲ್ಲಿ ಕೂರಿಸಿದ್ದರು. ಮುಖ್ಯ ಅತಿಥಿಗಳು ಕಣ್ಣು ಒದ್ದೆ ಮಾಡಿಕೊಂಡು ಮೈಕಿನಲ್ಲಿ, "ಇವರು ಸೇವೆಗೆ ಸೇರಿದ ದಿನದಿಂದ ಇವತ್ತಿನವರೆಗೆ ಒಂದೇ ವೇಗದಲ್ಲಿ ದುಡಿದರು" ಎಂದರು. ಸಭೆ ಚಪ್ಪಾಳೆ ತಟ್ಟಿತು. ಅಕ್ಕ ಹಾರದ ಸಮೇತ ಎದ್ದು ನಿಂತಳು.

"ತಪ್ಪು ಹೇಳಾಕತ್ತೀರಿ! ಸಪಾಟ ದಾರಿ ಮ್ಯಾಲ, ತಿಕ್ಕಾಟ ಇಲ್ದಂಗ, ಒಂದೇ ವೇಗದಾಗ ಹೊಂಟದ್ದಕ್ಕ ಬಲ ಹಾಕೋ ಜರೂರತ್ತೇ ಇಲ್ಲ. ನಾ ಇಷ್ಟು ವರ್ಷ ಕೈ ಕಟ್ಟಿ ಕುಂತಿದ್ನೇನ್ರಿ?"

ಆ ಅತಿಥಿಗಳು ಆಮೇಲೆ ಯಾವ ಬೀಳ್ಕೊಡುಗೆಗೂ ಹೋಗುತ್ತಿಲ್ಲವೆಂದು ಕೇಳಿದ್ದೇನೆ.

ನನ್ನ ಮಗಳನ್ನು ನೋಡಲು ಚಿಟಗುಪ್ಪದಿಂದ ಒಬ್ಬ ವರ ಬಂದಾಗಲೂ ಹೀಗೇ ಆಯಿತು. ನಾವೆಲ್ಲ ನೌಕರಿ, ಹೊಲ, ಮನೆ ಎಂದು ವಿಚಾರಿಸುತ್ತಿದ್ದರೆ ಅಕ್ಕ, "ನಿನ್ನ ಗಾಡಿ ಮ್ಯಾಲ ಒಂದು ಸುತ್ತು ಹಾಕ್ಸು ನಡೀ" ಎಂದು ಅವನ ಮೋಟರ್ ಸೈಕಲಿನ ಹಿಂದೆ ಹತ್ತಿ ಹೋದಳು. ಬಂದವಳೇ ಅಡುಗೆಮನೆಯಲ್ಲಿ ತೀರ್ಪು ಕೊಟ್ಟಳು.

"ಬ್ಯಾಡ. ಸ್ಪೀಡ್ ಬ್ರೇಕರ್ ಗಾಲಿಗಿ ಬಡಿಯಾಕ ಬಂದಾಗ ಬ್ರೇಕ್ ಒತ್ತತಾನ. ಮುಂದಿಂದು ಕಾಣಂಗಿಲ್ಲ ಹುಡುಗಗ."

ನಾವು ಬೇಡ ಅನ್ನುವ ಪ್ರಸಂಗವೇ ಬರಲಿಲ್ಲ. ಅವರೇ ಹೇಳಿ ಕಳಿಸಿದರು: ಹುಡುಗಿಯ ಸೋದರತ್ತೆ ದಾರಿಯುದ್ದಕ್ಕೂ ಕಿವಿಯಲ್ಲಿ "ಈಗೆಷ್ಟು? ಈಗೆಷ್ಟು?" ಎಂದು ಕೂಗಿದ್ದರಿಂದ ಹುಡುಗನಿಗೆ ಇನ್ನೂ ಎದೆ ಹೊಡೆದುಕೊಳ್ಳುತ್ತಿದೆಯಂತೆ.

ಇಷ್ಟರವರೆಗೆ ಅಕ್ಕನ ಹುಚ್ಚು ಪರರ ಪಾಡಾಗಿತ್ತು. ನಾನು ಸುರಕ್ಷಿತ ದೂರದಲ್ಲಿ ನಿಂತು ನಗುತ್ತಿದ್ದೆ. ನಗಲು ಬೇಕಾದ ತ್ರಾಣವೂ ಆಗ ಇತ್ತು.

ನಾನು ಹುಮನಾಬಾದದ ಒಂದು ಖಾಸಗಿ ಕನ್ನಡ ಶಾಲೆಯಲ್ಲಿ ಕನ್ನಡ ಕಲಿಸುವವನು. ನಮ್ಮ ಶಾಲೆಯೂ ನನ್ನ ಹಾಗೆಯೇ ದಣಿದದ್ದು. ಅದರ ಗೋಡೆಗೆ ಸುಣ್ಣ ಬೇಕು, ನನಗೆ ಮೊಣಕಾಲಿನ ಎಣ್ಣೆ ಬೇಕು. ಇಂಗ್ಲಿಷ್ ಶಾಲೆಗಳ ಹಳದಿ ವ್ಯಾನುಗಳು ನಮ್ಮ ಗೇಟಿನ ಮುಂದೆಯೇ ಹಾರ್ನ್ ಹೊಡೆದು ಹೋಗುತ್ತವೆ. ಅವುಗಳೊಳಗೆ ಕೂರಲಾರದ ಮಕ್ಕಳು ನಮ್ಮಲ್ಲಿಗೆ ಬರುತ್ತಾರೆ. ಹೀಗಿರುವಾಗ ನಮ್ಮ ವಿಜ್ಞಾನದ ಮೇಷ್ಟರಿಗೆ ಸರಕಾರಿ ನೌಕರಿ ಸಿಕ್ಕಿತು. ಅವರು ಪೇಡೆ ಹಂಚಿ ಹೋದರು. ಪೇಡೆ ಬಾಯಲ್ಲಿರುವಾಗಲೇ ಹೆಡ್‌ಮಾಸ್ತರರು ನನ್ನನ್ನು ಕರೆದರು.

"ಮಾಸ್ತರ್ರೆ, ಒಂಬತ್ತನೇತ್ತಾ ವಿಜ್ಞಾನ ನೀವು ತಗೋರಿ."

"ಸರ್, ನಾ ಕನ್ನಡದವ."

"ನಿಮ್ಮ ಅಕ್ಕ ವಿಜ್ಞಾನ ಟೀಚರ್ ಇದ್ರಲ್ಲೇನ್ರಿ?"

"ಅದು ಶುಗರ್ ಇದ್ದಂಗ ಮನೆತನದಾಗ ಬರಂಗಿಲ್ರಿ ಸರ್."

ಹೆಡ್‌ಮಾಸ್ತರರು ನಗಲಿಲ್ಲ. ಅವರಿಗೂ ಸಾಕಾಗಿತ್ತು. "ನೋಡ್ರಿ, ಇಲಾಖೆ ಸಾಹೇಬ್ರು ಮುಂದಿನ ತಿಂಗಳು ಬರಾವ್ರಿದ್ದಾರ. ವಿಜ್ಞಾನದ ಪಾಠ ನಡದಿಲ್ಲ ಅಂದ್ರ ಒಂಬತ್ತನೇತ್ತಾ ಬಂದ್ ಮಾಡಿ, ಮಕ್ಕಳನ್ನ ಬ್ಯಾರೆ ಸಾಲಿಗಿ ಕಳಸ್ರಿ ಅಂತ ಬರದು ಹೋಗ್ತಾರ. ಹಿಂದಿನ ಸಲನೇ ಹೇಳ್ಯಾರ."

"ಹಂಗಾದ್ರ ಅಕ್ಕನ್ನೇ ಕರ್ಕೊಂಡು ಬರ್ತೀನ್ರಿ. ಪುಕ್ಕಟೆ ಕಲಸ್ತಾಳ. ಬ್ಯಾಡ ಅಂದ್ರೂ ಕಲಸ್ತಾಳ."

"ನಡಿಯಂಗಿಲ್ರಿ. ಹಾಜರಿಯಾಗ ಹೆಸರಿದ್ದವ್ರೇ ಸಾಹೇಬ್ರ ಮುಂದ ಪಾಠ ಮಾಡಬೇಕು. ಹೊರಗಿನವ್ರು ಬಂದ್ರ ಅದಕ್ಕೂ ಬರೀತಾರ."

ಒಂಬತ್ತನೆಯ ತರಗತಿ ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅದರಲ್ಲಿರುವವರು ಬಹುತೇಕ ಹುಡುಗಿಯರು, ಸುತ್ತಲಿನ ಹಳ್ಳಿಗಳಿಂದ ಟಂಟಂನಲ್ಲಿ, ಅಂದರೆ ಊರೂರಿಗೆ ಜನ ತುಂಬಿಕೊಂಡು ಓಡುವ ಆಟೋದಲ್ಲಿ, ಬರುವವರು. ಬೇರೆ ಶಾಲೆ ಊರಿನ ಆಚೆ ತುದಿಗಿದೆ. 'ಅಷ್ಟು ದೂರ ಯಾಕ, ಮನ್ಯಾಗಿರ್ಲಿ' ಅನ್ನಲು ಅಪ್ಪಂದಿರಿಗೆ ಅಷ್ಟು ನೆಪ ಸಾಕು. ಘಾಟಬೋರಾಳದಿಂದ ಬರುವ ಒಬ್ಬ ಹುಡುಗಿಯಿದ್ದಳು, ಕುರಿ ಕಾಯುವವರ ಮನೆಯವಳು. ಅವಳ ಅಪ್ಪ ಆಗಲೇ ಬಂದು, "ಸಾಲಿ ಬಂದ್ ಆಗ್ತದಂತಲ್ರಿ, ಖರೇ ಏನ್ರಿ?" ಎಂದು ಕೇಳಿ ಹೋಗಿದ್ದ. ಆ ದನಿಯಲ್ಲಿ ದುಃಖಕ್ಕಿಂತ ಅನುಕೂಲ ಹೆಚ್ಚಿತ್ತು.

ಚಿಂತೆ ಮಾಡಲು ನನಗೆ ತರಬೇತಿ ಬೇಕಿಲ್ಲ. ಮನೆಯಲ್ಲಿ ತಟ್ಟೆಯ ಮುಂದೆ ಕೂತು ರೊಟ್ಟಿಯ ಅಂಚನ್ನೇ ಮುರಿಯುತ್ತಿದ್ದೆ.

"ರೀ, ಮುಂದಿನ ತಿಂಗಳ ಚಿಂತಿ ಈಗ್ಯಾಕ ಮಾಡಾಕತ್ತೀರಿ?" ಎಂದಳು ಹೆಂಡತಿ.

"ಮುಂದಿನ ತಿಂಗಳಿಗಿ ಬ್ಯಾರೆ ಚಿಂತಿ ಅದಾವ."

ಭಾನುವಾರ ಒಂಬತ್ತನೆಯ ತರಗತಿಯ ಪುಸ್ತಕವನ್ನು ಎದೆಗವಚಿಕೊಂಡು ಬಸವಕಲ್ಯಾಣಕ್ಕೆ ಹೋದೆ. ಅಕ್ಕ ಕಥೆಯೆಲ್ಲ ಕೇಳಿದಳು. ಕನಿಕರ ತೋರಿಸುತ್ತಾಳೆಂದು ನಾನು ಕಾದೆ. ಆಕೆಯ ಮುಖದಲ್ಲಿ, ದೇವರಾಣೆ, ಹಬ್ಬ ಕಂಡಿತು! ಪುಸ್ತಕ ಬಿಚ್ಚಿದೆ.

"ಮುಚ್ಚದನ್ನ. ಚಪ್ಪಲಿ ಹಾಕ್ಕೋ."

ಟಂಟಂಗಳು ನಿಲ್ಲುವ ಕಡೆ ಕರೆದುಕೊಂಡು ಹೋದಳು. ಮುಡಬಿಗೆ ಹೋಗುವ ಟಂಟಂನ ಡ್ರೈವರ್ ಅಕ್ಕನನ್ನು ಕಂಡದ್ದೇ ತಡ, ಕೈ ಮುಗಿದ. ಗೌರವಕ್ಕಿರಬಹುದೆಂದು ನಾನು ತಿಳಿದೆ.

"ಟೀಚರ್ ಬಾಯಿ, ಲೋಟ ಬ್ಯಾಡ್ರಿ. ಸೀಟಿನ ಫೋಮ್ ಕೊಳೀತದ."

"ಲೋಟ ತಂದಿಲ್ಲೋ. ನಿನ್ನ ಲಿಂಬಿಹಣ್ಣು ಅದಲ್ಲ, ಸಾಕು."

ಅಮಾವಾಸ್ಯೆಗೊಮ್ಮೆ ಗಾಡಿಗೆ ಲಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ಕಟ್ಟುವುದು ನಮ್ಮಲ್ಲಿ ರೂಢಿ. ಇವನು ಅದನ್ನು ಒಳಗೆ, ಕನ್ನಡಿಯ ಕೆಳಗೆ, ಉದ್ದನೆಯ ದಾರದಲ್ಲಿ ಇಳಿಬಿಟ್ಟಿದ್ದ.

"ಅದು ದೃಷ್ಟಿಗಿ ಕಟ್ಟಿದ್ದದ್ರಿ ಟೀಚರ್ ಬಾಯಿ!"

"ದೃಷ್ಟಿ ತಗೀಲಿ, ನಾ ಯಾಕ ಬ್ಯಾಡಂದೆ? ಪುರುಸೊತ್ತಿನ್ಯಾಗ ನಮಗಿಷ್ಟು ಪಾಠ ಹೇಳ್ಲಿ."

ನನ್ನನ್ನು ದಾರಕ್ಕೆ ಎದುರಾಗಿ ಕೂರಿಸಿದಳು. ಒಂದು ಕಡೆ ಅಕ್ಕ, ಇನ್ನೊಂದು ಕಡೆ ಮುಡಬಿಯ ಒಬ್ಬ ಅಜ್ಜಿ, ಅಜ್ಜಿಯ ಕಾಲ ಬಳಿ ಒಂದು ಆಡು. ಟಂಟಂ ಹೊರಟಿತು. ಲಿಂಬೆಹಣ್ಣು ನಮ್ಮ ಕಡೆಗೆ ವಾಲಿತು.

"ಇದೇನು?"

"ವೇಗೋತ್ಕರ್ಷ."

"ಭೇಷ್!"

ಇಷ್ಟು ಸುಲಭವೇ ಅನ್ನಿಸಿತು. ಊರು ದಾಟಿ ಒಳ್ಳೆಯ ರಸ್ತೆ ಸಿಕ್ಕಿತು. ಟಂಟಂ ಭರದಿಂದ ಒಂದೇ ಸಮ ಓಡತೊಡಗಿತು. ಗಾಳಿಗೆ ನನ್ನ ಉಳಿದಿದ್ದ ಕೂದಲೂ ಎದ್ದು ನಿಂತವು.

"ಈಗ?"

"ಈಗ ಭಾಳ ವೇಗೋತ್ಕರ್ಷ ಅಕ್ಕಾ! ಎಷ್ಟು ಜೋರು ಹೊಂಟದ ನೋಡಲ್ಲ!"

"ಮಬ್ಬಾ! ಜೋರು ಹೋಗೂದು ಬ್ಯಾರೆ, ಜೋರು ಹೆಚ್ಚಾಗೂದು ಬ್ಯಾರೆ. ಲಿಂಬಿಹಣ್ಣು ನೋಡು, ಹ್ಯಾಂಗದ?"

"ನೆಟ್ಟಗದ."

"ಹಂಗಾದ್ರ ವೇಗೋತ್ಕರ್ಷ ಎಷ್ಟು?"

ನಾನು ಯೋಚಿಸತೊಡಗಿದೆ. ಪಕ್ಕದ ಅಜ್ಜಿ ನನ್ನ ಮೊಣಕೈ ತಿವಿದಳು. "ಸೊನ್ನಿ ಅನ್ರೀ ಗುರುಗಳ. ನೀವು ಸೊನ್ನಿ ಅನ್ನೂತನ ಈಕಿ ಯಾರನ್ನೂ ಇಳಿಯಾಕ ಬಿಡಂಗಿಲ್ಲ. ಹ್ವಾದ ಸಲ ನಾ ಮುಂದಿನ ಊರಿಗಿ ಹೋಗಿ ತಿರುಗಿ ಬಂದೀನಿ."

"ಸೊನ್ನೆ," ಎಂದೆ. ಟಂಟಂ ತುಂಬ ನಿಟ್ಟುಸಿರು ಕೇಳಿಸಿತು.

ಅಷ್ಟರಲ್ಲಿ ರಸ್ತೆಗೆ ಎಮ್ಮೆಯೊಂದು ಬಂತು. ಡ್ರೈವರ್ ಬ್ರೇಕ್ ಒತ್ತಿದ. ಲಿಂಬೆಹಣ್ಣು ಮುಂದಿನ ಗಾಜಿನ ಕಡೆಗೆ ಹಾರಿತು. ಅದರ ಹಿಂದೆ ನಾವೂ ಹಾರಿದೆವು. ಆಡು ಮಾತ್ರ ಹೊರಳಿ ನನ್ನ ಪಾದಗಳ ಮೇಲೆ ಬಿತ್ತು.

"ಇದು ಋಣ ವೇಗೋತ್ಕರ್ಷ!" ಅಕ್ಕನ ಆನಂದಕ್ಕೆ ಪಾರವಿಲ್ಲ. "ವೇಗ ಕಡಿಮಿ ಆತು, ಅದಕ್ಕ ಋಣ."

ನನ್ನೊಳಗಿನ ಕನ್ನಡ ಮೇಷ್ಟರು ಇಂಥ ಸ್ಥಿತಿಯಲ್ಲೂ ತಲೆಯೆತ್ತಿದರು. "ಅಕ್ಕಾ, ಉತ್ಕರ್ಷ ಅಂದ್ರ ಏಳಿಗಿ. ಏಳಿಗಿ ಹ್ಯಾಂಗ ಋಣ ಆಗ್ತದ?"

"ನಿನ್ನ ಕಾಲಿನ ಮ್ಯಾಲ ಆಡು ಬಿದ್ದಿದ್ದು ಏಳಿಗಿ ಏನೋ?"

ಭಾಷಾಶಾಸ್ತ್ರ ಅಲ್ಲಿಗೆ ಮುಗಿಯಿತು.

ತಿರುಗಿ ಬರುವಾಗ ಲೆಕ್ಕ ಶುರುವಾಯಿತು. ಕೊನೆಯ ವೇಗದಿಂದ ಮೊದಲಿನ ವೇಗ ಕಳೆಯಬೇಕು. ಬಂದದ್ದನ್ನು ಹಿಡಿದ ಸಮಯದಿಂದ ಭಾಗಿಸಬೇಕು. "ಇಷ್ಟೇ?" ಎಂದೆ. "ಇಷ್ಟೇ. ಆದ್ರ ಗಾಡಿ ಮೀಟರ್ ತೋರಸೂದು ತಾಸಿಗಿ ಇಷ್ಟು ಕಿಲೋಮೀಟರ್ ಅಂತ. ನೀ ಎಣಸೂದು ಸೆಕೆಂಡ್. ಮೊದಲ ಅದನ್ನ ಸೆಕೆಂಡಿಗಿ ಇಷ್ಟು ಮೀಟರ್ ಅಂತ ಮಾಡ್ಕೋಬೇಕು. ಐದರಿಂದ ಗುಣಸು, ಹದಿನೆಂಟರಿಂದ ಭಾಗಸು. ಇದೊಂದು ಮರತಿ ಅಂದ್ರ ನಿನ್ನ ಮಾಸ್ತರಕಿ ಮುಗೀತು ನೋಡು."

ನಾನು ಮರೆತೆ. ಅಂದೂ ಮರೆತೆ, ಮುಂದಿನ ಭಾನುವಾರಗಳಲ್ಲೂ ಮರೆತೆ. ಪ್ರತಿ ಸಲ ಅಕ್ಕ "ಐದು ಹದಿನೆಂಟು!" ಎಂದು ಕೂಗುವಳು. ಆ ಕೂಗಿಗೆ ಡ್ರೈವರ್ ಬೆಚ್ಚಿ ಬ್ರೇಕ್ ಒತ್ತುವನು. ಹೀಗೆ ನನ್ನ ಒಂದು ತಪ್ಪಿನಿಂದ ಇನ್ನೊಂದು ಪಾಠ ಹುಟ್ಟುತ್ತಿತ್ತು. ಸೊಂಟ ಹಿಡಿದುಕೊಂಡು ಮನೆಗೆ ಬಂದರೆ ಹೆಂಡತಿ ಮೂಗು ಮುಚ್ಚಿಕೊಳ್ಳುವಳು.

"ಇದೇನ್ರಿ, ಆಡಿನ ವಾಸನಿ?"

"ಭೌತಶಾಸ್ತ್ರದ್ದು," ಎಂದು ಬಚ್ಚಲಿಗೆ ಹೋಗುವೆ.

ವಾರವಿಡೀ ಶಾಲೆಯಲ್ಲಿ ನಾನು ಅದನ್ನೇ ಹುಡುಗಿಯರಿಗೆ ಒಪ್ಪಿಸುತ್ತಿದ್ದೆ. ಅವರು ಐದು ಹದಿನೆಂಟನ್ನು ಮರೆಯುತ್ತಿರಲಿಲ್ಲ. ಎಳೆಯ ತಲೆ, ಒಮ್ಮೆ ಹೇಳಿದರೆ ಹಿಡಿಯುತ್ತದೆ. ನನ್ನ ತಲೆಯಲ್ಲಿ ಆಗಲೇ ಚಿಂತೆಗಳು ಜಾಗ ಹಿಡಿದು ಕೂತಿದ್ದವು. ಹೊಸದೊಂದು ಒಳಗೆ ಬರಬೇಕಾದರೆ ಹಳೆಯದೊಂದು ಎದ್ದು ನಿಲ್ಲಬೇಕು. ಎದ್ದು ನಿಲ್ಲುವ ಚಿಂತೆಯನ್ನು ನೀವು ಎಲ್ಲಾದರೂ ನೋಡಿದ್ದೀರಾ?

ಸಾಹೇಬರು ಬರುವ ದಿನ ಗೊತ್ತಾಯಿತು. ಅಕ್ಕನಿಗೆ ಫೋನು ಮಾಡಿದೆ. "ಅಕ್ಕಾ, ಕೈ ಮುಗೀತೀನಿ, ಅವತ್ತೊಂದು ದಿನ ಹುಮನಾಬಾದ ಕಡೆ ಬರಬ್ಯಾಡ."

"ಯಾಕ? ನಾ ಏನ್ ಮಾಡ್ತೀನಿ?"

"ನಾ ತಪ್ಪು ಮಾಡಿದ್ರ ನೀ ಸುಮ್ನಿರಂಗಿಲ್ಲ. ಕಿಡಕಿಯಿಂದ ಒಂದು ಮಾತು ಅಂದೀ ಅಂದ್ರ, ಹೊರಗಿನವ್ರು ಪಾಠ ಮಾಡ್ತಾರ ಅಂತ ಬರದುಬಿಡ್ತಾರ. ಸಾಲಿ ಮುಗೀತು."

"ನನಗೇನ್ ಮನ್ಯಾಗ ಕೆಲಸಿಲ್ಲೇನು? ಬರಂಗಿಲ್ಲ ಹೋಗು" ಎಂದು ಫೋನು ಇಟ್ಟಳು.

ಆ ದಿನ ಸಾಹೇಬರು ಬಂದರು. ನಾನು ಹುಲಿಯನ್ನು ಊಹಿಸಿಕೊಂಡಿದ್ದೆ, ಬಂದವರು ನನ್ನಷ್ಟೇ ದಣಿದ ಒಬ್ಬ ಮನುಷ್ಯ. ಬೆಳಗಿನಿಂದ ಎಷ್ಟು ಶಾಲೆ ಸುತ್ತಿದ್ದರೋ, ಹಿಂದಿನ ಬೆಂಚಿನ ಮೇಲೆ ಕೂತು ಮುಖ ಒರೆಸಿಕೊಂಡರು. ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು ಮನಸ್ಸಿನಲ್ಲೇ ಯಾವುದೋ ದೇವರಿಗೆ ಹರಕೆ ಹೊರುತ್ತಿದ್ದದ್ದು ಅವರ ತುಟಿಗಳಲ್ಲಿ ಕಾಣುತ್ತಿತ್ತು.

ಪಾಠ ಚೆನ್ನಾಗಿಯೇ ಸಾಗಿತು. ಟಂಟಂ ಹೊರಟಾಗ ಹಿಂದಕ್ಕೆ ವಾಲುವುದು, ನಿಂತಾಗ ಮುಂದಕ್ಕೆ ಬೀಳುವುದು, ಇದನ್ನೆಲ್ಲ ಹೇಳುವಾಗ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ದಿನವೂ ಬೀಳುವವರು ಅವರೇ ತಾನೇ! ನನಗೂ ಹುರುಪು ಬಂತು. ಹುರುಪು ಬಂದಾಗಲೇ ನನಗೆ ಅಪಾಯ. ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದೆ: 'ನಿಂತಿದ್ದ ಟಂಟಂ ಹೊರಟು ಐದು ಸೆಕೆಂಡಿನಲ್ಲಿ ಗಂಟೆಗೆ ಮೂವತ್ತಾರು ಕಿಲೋಮೀಟರ್ ವೇಗಕ್ಕೆ ಬಂದರೆ ಅದರ ವೇಗೋತ್ಕರ್ಷ ಎಷ್ಟು?' ನಾನೇ ಬಿಡಿಸಿದೆ. ಮೂವತ್ತಾರರಲ್ಲಿ ಸೊನ್ನೆ ಕಳೆದು, ಐದರಿಂದ ಭಾಗಿಸಿ, ಏಳು ಪಾಯಿಂಟ್ ಎರಡು ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದೆ.

ಎಳೆದು ತಿರುಗಿದರೆ, ಕಿಟಕಿಯಲ್ಲಿ ಅಕ್ಕ!

ಸರಳು ಹಿಡಿದು ನಿಂತಿದ್ದಳು. ಕಣ್ಣು ಬೋರ್ಡಿನ ಮೇಲಿತ್ತು. ಆ ಕಣ್ಣು ನೋಡಿಯೇ ನನಗೆ ಗೊತ್ತಾಯಿತು, ಎಲ್ಲೋ ತಪ್ಪಿದ್ದೇನೆ. ಎಲ್ಲಿ ಎಂಬುದು ಮಾತ್ರ ಹೊಳೆಯಲೊಲ್ಲದು. ಅಕ್ಕನ ಬಾಯಿ ತೆರೆಯಿತು. ಅದು ತೆರೆಯುವುದನ್ನು ನಾನು ನೋಡಿದೆ. ಬೀಳ್ಕೊಡುಗೆಯ ಅತಿಥಿಗಳಿಗೆ, ಬಸ್ಸಿನ ಕಂಡಕ್ಟರುಗಳಿಗೆ, ತಕ್ಕಡಿ ಹಿಡಿದ ಸ್ವಂತ ಗಂಡನಿಗೆ ತೆರೆದ ಬಾಯಿ ಅದು, ಒಮ್ಮೆ ತೆರೆದದ್ದು ಸುಮ್ಮನೆ ಮುಚ್ಚಿದ್ದಿಲ್ಲ. ಮುಗಿಯಿತು, ಎಂದುಕೊಂಡೆ. ನನ್ನ ಕಣ್ಣ ಮುಂದೆ ಘಾಟಬೋರಾಳದ ಅಪ್ಪ ಮಗಳ ಪಾಟೀಚೀಲವನ್ನು ಗೂಟಕ್ಕೆ ನೇತುಹಾಕುತ್ತಿದ್ದ.

ಅಕ್ಕ ಸೆರಗನ್ನು ಮುಷ್ಟಿಯಲ್ಲಿ ಮುದುಡಿ ಬಾಯಿಗೆ ತುರುಕಿಕೊಂಡಳು. ಕೆನ್ನೆ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಸರಳು ಹಿಡಿದ ಬೆರಳುಗಳು ಬೆಳ್ಳಗಾದವು. ಒಂದು ಗಳಿಗೆ ಹಾಗೇ ನಿಂತು, ಆಮೇಲೆ ಬೋರ್ಡು ಕಾಣದ ಹಾಗೆ ಗೋಡೆಯ ಮರೆಗೆ ಸರಿದುಬಿಟ್ಟಳು.

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು.

"ಸರ್..." ಘಾಟಬೋರಾಳದ ಹುಡುಗಿ ಎದ್ದು ನಿಂತಿದ್ದಳು. "ಏಳು ಭಾಳ ಆತ್ರಿ ಸರ್."

"ಯಾಕವ್ವಾ?"

"ನಿನ್ನಿ ಲೆಕ್ಕದಾಗ ಬಸ್ಸಿಗಿ ಒಂದು ಬಂದಿತ್ರಿ. ನಮ್ಮೂರ ಟಂಟಂ ಬಸ್ಸಿಗಿಂತ ಏಳು ಪಟ್ಟು ಪಿಕಪ್ ಎಲ್ಲಿ ತಗೋತದ್ರಿ? ಹಂಗ ತಗೊಂಡಿದ್ರ ಹಿಂದ ಕುಂತ ನಾವೆಲ್ಲ ರಸ್ತಾದ ಮ್ಯಾಲ ಬಿದ್ದಿರ್ತಿದ್ವಿ, ಸಾಲಿಗಿ ಎಲ್ಲಿ ಬರ್ತಿದ್ವಿ?"

ತರಗತಿ ಘೊಳ್ಳೆಂದು ನಕ್ಕಿತು. ಸಾಹೇಬರೂ ನಕ್ಕರು. ಹುಡುಗಿ ನಗಲಿಲ್ಲ, ಬೋರ್ಡನ್ನೇ ನೋಡುತ್ತ ಹುಬ್ಬು ಗಂಟಿಕ್ಕಿದ್ದಳು. "ಕಿಲೋಮೀಟರ್ ಹಂಗೇ ಇಟ್ಟೀರ್ರಿ ಸರ್. ಐದು ಹದಿನೆಂಟು ಮಾಡಿಲ್ರಿ."

ನಾನು ಸೀಮೆಸುಣ್ಣವನ್ನು ಅವಳ ಕಡೆ ಚಾಚಿದೆ. ಬಂದಳು. ಮೂವತ್ತಾರು ಕಿಲೋಮೀಟರನ್ನು ಸೆಕೆಂಡಿಗೆ ಹತ್ತು ಮೀಟರ್ ಮಾಡಿದಳು. ಐದರಿಂದ ಭಾಗಿಸಿ ಎರಡು ಎಂದು ಬರೆದಳು. ನಾನು ಎಳೆದಿದ್ದ ಎರಡು ಗೆರೆಗಳನ್ನು ಅಳಿಸಿ, ತನ್ನ ಉತ್ತರದ ಕೆಳಗೆ ಹೊಸದಾಗಿ ಎಳೆದಳು.

"ಮಾಸ್ತರ್ರೆ, ಮಕ್ಕಳು ಹಿಡೀತಾವೋ ಇಲ್ಲೋ ನೋಡಾಕ ಬೇಕಂತ ತಪ್ಪು ಬರದಿದ್ರೇನ್ರಿ?" ಎಂದರು ಸಾಹೇಬರು.

ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕೈಗೆ ಹತ್ತಿದ ಸುಣ್ಣ ಒರೆಸಿಕೊಂಡೆ. ಬಾಗಿಲಲ್ಲಿದ್ದ ಹೆಡ್‌ಮಾಸ್ತರರು ನನ್ನ ಪರವಾಗಿ ಜೋರಾಗಿ ತಲೆಯಾಡಿಸಿದರು!

ಸಾಹೇಬರು ಅಲ್ಲೇ ಕೂತು, ಪಾಠ ನಡೆಯುತ್ತಿದೆ, ತರಗತಿ ಮುಂದುವರಿಯಲಿ ಎಂದು ಬರೆದು, ಚಹಾ ಕುಡಿದು ಜೀಪು ಹತ್ತಿದರು. ಹುಡುಗಿಯರು ಎಂದಿನಂತೆ ಗದ್ದಲ ಮಾಡುತ್ತ ನೀರು ಕುಡಿಯಲು ಓಡಿದರು. ನಾನು ಅಕ್ಕನನ್ನು ಹುಡುಕುತ್ತ ಹೊರಗೆ ಬಂದೆ.

ಶಾಲೆಯ ಹಿಂದೆ, ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಅಕ್ಕ ಕೂತಿದ್ದಳು. ಮುದುಡಿದ ಸೆರಗನ್ನು ತೊಡೆಯ ಮೇಲೆ ಹರವಿ ಅಂಗೈಯಿಂದ ನೀವುತ್ತಿದ್ದಳು. ಅದರ ತುಂಬ ಹಲ್ಲಿನ ಗುರುತು. ಬೈಗುಳಕ್ಕೆ ಸಿದ್ಧನಾಗಿ ಎದುರು ನಿಂತೆ.

"ಬರಂಗಿಲ್ಲ ಅಂದಿದ್ದಿ."

"ಬಂದೆ. ಏನೀಗ?"

ಬೈಯಲಿಲ್ಲ. ಐದು ಹದಿನೆಂಟರ ಮಾತೇ ಎತ್ತಲಿಲ್ಲ. "'ಸಾಲಿಗಿ ಎಲ್ಲಿ ಬರ್ತಿದ್ವಿ' ಅಂತಲ್ಲೋ ಆ ಹುಡುಗಿ!" ಎಂದು ತನ್ನಷ್ಟಕ್ಕೆ ನಕ್ಕಳು. "ನಾ ಗ್ವಾಡಿಗಿ ಕಿವಿ ಹಚ್ಚಿ ಕೇಳಿದೆ. ಲೆಕ್ಕ ತಪ್ಪಿದ್ದು ಆಕಿಗಿ ಮೈಯಾಗ ತಿಳದದ ನೋಡು. ನಾ ಬಾಯಿ ಬಿಟ್ಟಿದ್ರ ಆಕಿ ಏಳ್ತಿದ್ದಿಲ್ಲ."

ಅಷ್ಟರಲ್ಲಿ ಮುಂದಿನ ಪಿರಿಯಡ್ಡಿನ ಗಂಟೆ ಹೊಡೆಯಿತು. ಅಕ್ಕ ಥಟ್ಟನೆ ಎದ್ದು ನಿಂತಳು. ಸೆರಗು ಹೊದ್ದುಕೊಂಡಳು, ಬ್ಯಾಗು ಹೆಗಲಿಗೇರಿಸಿದಳು, ತರಗತಿಯ ಕಡೆ ಎರಡು ಹೆಜ್ಜೆ ಇಟ್ಟೂಬಿಟ್ಟಳು. ಆಮೇಲೆ ನಿಂತು ಅತ್ತಿತ್ತ ನೋಡಿ, ಏನೂ ಆಗಿಲ್ಲವೆಂಬಂತೆ ತಿರುಗಿ ಬಂದು ಕಟ್ಟೆಯ ಮೇಲೆ ಕೂತಳು.

ನಾನು ಬೇರೆ ಕಡೆ ನೋಡಿದೆ.

"ತಮ್ಮಾ," ಎಂದಳು. ಅಷ್ಟು ಸಣ್ಣ ದನಿ ಆಕೆಗಿದೆಯೆಂದು ನನಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ನನ್ನನ್ನು ಎಳೆದುಕೊಂಡು ಹೋಗಿದ್ದಾಳೆ, ದೂಡಿದ್ದಾಳೆ, ಗದರಿಸಿದ್ದಾಳೆ, ಏನನ್ನಾದರೂ ಕೇಳಿದ್ದು ಮಾತ್ರ ನೆನಪಿಲ್ಲ. "ನಾಳಿಗಿ ಬರ್ಲೇನೋ? ಪಾಠ ಮಾಡಂಗಿಲ್ಲ. ಹಿಂದಿನ ಬೆಂಚಿನ ಮ್ಯಾಲ ಗಪ್ಪನೆ ಕುಂದುರ್ತೀನಿ. ಬೇಕಾದ್ರ ಸೆರಗು ಬಾಯಾಗ ಇಟ್ಕೊಂಡೇ ಕುಂದುರ್ತೀನಿ."

ನಾನು ಆಕೆಯ ಹೆಗಲಿನಿಂದ ಬ್ಯಾಗು ತೆಗೆದುಕೊಂಡೆ.

"ನಾಳಿಗಿ ಯಾಕಕ್ಕಾ," ಎಂದೆ. "ಈಗೊಂದು ಪಿರಿಯಡ್ ಅದ. ಏಳು."